ಟೀ ಶರ್ಟ್ ಲೋಗೋ ಎರಡೇ ವಾಶ್‌ಗೆ ಸುಕ್ಕಾಗೋದು ಯಾಕೆ? ಹಿಂದಿರೋ ‘ಪೇಪರ್’ ಗುರುತಿಸೋದು ಹೀಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಕೇಳೋಕೆ ಪುರುಸೊತ್ತು ಇಲ್ಲದವರಿಗೆ ಮತ್ತು ಸೇವ್ ಮಾಡಿಟ್ಟುಕೊಳ್ಳೋರಿಗೆ.)

ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಮೆಟ್ರೋದಲ್ಲೋ ಕಂಪನಿ ಬಸ್ಸಲ್ಲೋ ಇದ್ದೀರಾ? ಹಾಗಾದ್ರೆ ಒಂದು ಸಣ್ಣ ಕೆಲಸ ಮಾಡಿ. ಮೈಮೇಲೆ ಆಫೀಸಲ್ಲಿ ಕೊಟ್ಟಿರೋ ಕಾಲರ್ ಟೀ ಶರ್ಟ್ ಇದ್ರೆ, ಎದೆಯ ಎಡಗಡೆ ಇರೋ ಎಂಬ್ರಾಯ್ಡರಿ ಲೋಗೋದ ಹಿಂದೆ ಬೆರಳು ಹಾಕಿ ನೋಡಿ. ಒಳಗಡೆ ತೆಳ್ಳಗಿನ ಒಂದು ಬಿಳಿ ತುಂಡು ಸಿಗುತ್ತೆ. ನೋಡೋಕೆ ಬಟ್ಟೆಯೂ ಅಲ್ಲ, ಕಾಗದವೂ ಅಲ್ಲ. ತುಂಬಾ ಜನ ಅದನ್ನ ‘ಮೈಗೆ ಚುಚ್ಚುತ್ತೆ’ ಅಂತ ಕತ್ತರಿಯಿಂದ ಕಿತ್ತು ಬಿಸಾಕ್ತಾರೆ. ಇವತ್ತಿನ ಸಂಚಿಕೆ ಆ ತುಂಡಿನ ಬಗ್ಗೆ.

ಇಂಗ್ಲಿಷ್ ವಿಡಿಯೋಗಳಲ್ಲಿ ಇದಕ್ಕೆ ಸ್ಟೆಬಿಲೈಸರ್ ಅಂತಾರೆ. ನಮ್ಮ ಪೀಣ್ಯ ಕಡೆ ಹೋಗಿ ಹಾಗೆ ಕೇಳಿದ್ರೆ ಕೆಲವರಿಗೆ ಕರೆಂಟಿನ ಸ್ಟೆಬಿಲೈಸರ್ ನೆನಪಾಗುತ್ತೆ. ಇಲ್ಲಿ ಇದರ ಹೆಸರು ಬ್ಯಾಕಿಂಗ್, ಇಲ್ಲಾಂದ್ರೆ ಬರೀ ‘ಪೇಪರ್’. ಗೊಂದಲ ಶುರುವಾಗೋದೇ ಅಲ್ಲಿಂದ. ಯಾಕಂದ್ರೆ ಒಂದೇ ಹೆಸರಲ್ಲಿ ನಾಲ್ಕೈದು ಬೇರೆ ಬೇರೆ ಮಾಲು ಮಾರಾಟ ಆಗುತ್ತೆ. ಎಲ್ಲವೂ ಬೆಳ್ಳಗೆ ಇರುತ್ತೆ, ಎಲ್ಲವೂ ರೋಲ್‌ನಲ್ಲಿ ಬರುತ್ತೆ, ಹೆಚ್ಚಿನವುಗಳ ಮೇಲೆ ಲೇಬಲ್ ಇರಲ್ಲ. ತಪ್ಪು ರೋಲ್ ತಂದ್ರೆ ಏನಾಗುತ್ತೆ ಅಂತ ನಾನು ಅನುಭವಿಸಿದ್ದೀನಿ. ಮೊದಲು ಅದನ್ನೇ ಹೇಳಿಬಿಡ್ತೀನಿ.

ಐವತ್ತು ಟೀ ಶರ್ಟಿನ ಕಥೆ

ಪೀಣ್ಯ ಎರಡನೇ ಹಂತದ ಪಕ್ಕ, ರಾಜಗೋಪಾಲನಗರದಲ್ಲಿ ನಮ್ಮಣ್ಣಂದು ಒಂದು ಎಂಬ್ರಾಯ್ಡರಿ ರೂಮ್ ಇದೆ. ಬಾಡಿಗೆ ಮನೆಯ ಮುಂದಿನ ಕೋಣೆ, ಒಂದೇ ತಲೆಯ ಕಂಪ್ಯೂಟರ್ ಮಷಿನ್. ಈ ಪಾಡ್‌ಕಾಸ್ಟ್ ಕೆಲಸಕ್ಕೆ ಬರೋಕೆ ಮುಂಚೆ ನಾನು ಎರಡು ವರ್ಷ ಅಲ್ಲೇ ಇದ್ದೆ. ಫ್ರೇಮ್ ಹಾಕೋದು, ದಾರ ಕತ್ತರಿಸೋದು, ಸಾಮಾನು ತರೋದು ನನ್ನ ಕೆಲಸ. ಅತ್ತಿಗೆ ಮೊದಲು ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್‌ನಲ್ಲಿದ್ದವರು. ಪೀಸ್ ಕೈಗೆ ಬಂದ ತಕ್ಷಣ ಡ್ಯಾಮೇಜ್ ಎಲ್ಲಿದೆ ಅಂತ ಅವರ ಬೆರಳಿಗೇ ಗೊತ್ತಾಗುತ್ತೆ.

ಒಂದು ಸಲ ವೈಟ್‌ಫೀಲ್ಡ್ ಕಡೆಯ ಒಂದು ಕಂಪನಿಯ ಟೀಮ್ ಕಾರ್ಯಕ್ರಮಕ್ಕೆ 50 ಕಾಲರ್ ಟೀ ಶರ್ಟಿನ ಆರ್ಡರ್ ಬಂತು. ಟೀ ಶರ್ಟ್ ಪಾರ್ಟಿಯದ್ದು, ಎಂಬ್ರಾಯ್ಡರಿ ಮಾತ್ರ ನಮ್ಮದು. ಬ್ಯಾಕಿಂಗ್ ಮುಗಿದಿತ್ತು. ಪೀಣ್ಯ ಇಂಡಸ್ಟ್ರಿ ಸ್ಟೇಷನ್‌ನಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿದ್ರೆ ನೇರವಾಗಿ ಚಿಕ್ಕಪೇಟೆ. ಅಂಗಡಿಯಲ್ಲಿ ‘ಎಂಬ್ರಾಯ್ಡರಿ ಪೇಪರ್ ಕೊಡಿ’ ಅಂದೆ. ಎರಡು ರೋಲ್ ತೋರಿಸಿದ್ರು. ಒಂದು ಮೆತ್ತಗೆ, ರೇಟ್ ಜಾಸ್ತಿ. ಇನ್ನೊಂದು ಗಟ್ಟಿಯಾಗಿ, ದಪ್ಪಗೆ ಇತ್ತು, ರೇಟ್ ಕಮ್ಮಿ. ದಪ್ಪ ಇದ್ರೆ ಒಳ್ಳೇದು ತಾನೇ ಅಂದ್ಕೊಂಡು ಅದನ್ನೇ ತಂದೆ.

ಮಷಿನ್ ಮೇಲೆ ಲೋಗೋ ಸಕ್ಕತ್ತಾಗಿ ಬಂತು. ಹಿಂದಿನ ಪೇಪರ್ ಸರ್ರಂತ ಹರಿದು ತೆಗೆದ್ವಿ, ನೀಟಾಗಿ ಕಂಡಿತು. ಪ್ಯಾಕ್ ಮಾಡಿ ಕಳಿಸಿದ್ವಿ. ಎರಡು ವಾರ ಆದ್ಮೇಲೆ ಫೋಟೋಗಳು ಬರೋಕೆ ಶುರುವಾಯ್ತು. ಎರಡು ಸಲ ತೊಳೆದಿದ್ದಷ್ಟೇ, ಲೋಗೋ ಸುತ್ತ ಬಟ್ಟೆ ನೆರಿಗೆ ಬಿದ್ದಿತ್ತು. ಅಕ್ಷರಗಳು ಒಂದರ ಕಡೆ ಒಂದು ವಾಲಿದ್ವು. ಹೊರಗಿನ ಗೆರೆ ಒಂದು ಕಡೆ, ಒಳಗಿನ ಬಣ್ಣ ಒಂದು ಕಡೆ.

ಜಾಬ್ ವರ್ಕ್ ಮಾಡೋರಿಗೆ ಇದರ ಅರ್ಥ ಗೊತ್ತಿರುತ್ತೆ. ನಮಗೆ ಕೂಲಿ ಸಿಗೋದು ಸಾವಿರ ಸ್ಟಿಚ್‌ಗೆ ಇಷ್ಟು ಅಂತ. ಆದ್ರೆ ಪೀಸ್ ಹಾಳಾದ್ರೆ ಕಳೆಯೋದು ಸ್ಟಿಚ್ ರೇಟ್ ಅಲ್ಲ, ಪೂರ್ತಿ ಟೀ ಶರ್ಟಿನ ಬೆಲೆ. ಅಣ್ಣ ಕೈಯಿಂದ ಕೊಟ್ಟ ದುಡ್ಡು ರೂಮಿನ ಎರಡು ತಿಂಗಳ ಬಾಡಿಗೆಯಷ್ಟಾಯ್ತು. ನನಗೆ ಒಂದು ಮಾತೂ ಬೈಲಿಲ್ಲ. ಅತ್ತಿಗೆ ಮಾತ್ರ ವಾಪಸ್ ಬಂದ ಒಂದು ಟೀ ಶರ್ಟನ್ನ ಮಷಿನ್ ಪಕ್ಕದ ಮೊಳೆಗೆ ನೇತುಹಾಕಿ, ‘ಬಾ ಇಲ್ಲಿ, ಇದನ್ನ ಎಳೆದು ನೋಡು. ಹಿಂದೆ ಹಿಡ್ಕೊಳ್ಳೋಕೆ ಏನಿದೆ ಹೇಳು’ ಅಂದ್ರು. ಎಳೆದೆ. ಟೀ ಶರ್ಟ್ ಹಿಗ್ಗಿತು, ಲೋಗೋ ಹಿಗ್ಗಲಿಲ್ಲ. ಹಿಂದೆ ಏನೂ ಇರಲಿಲ್ಲ. ಇದ್ದಿದ್ದನ್ನ ನಾವೇ ಹರಿದು ಬಿಸಾಕಿದ್ವಿ.

ಬ್ಯಾಕಿಂಗ್ ಮಾಡೋ ಕೆಲಸ ಏನು?

ಸ್ವಲ್ಪ ಲೆಕ್ಕ ಹಾಕೋಣ. ಎದೆ ಮೇಲಿನ ಒಂದು ಲೋಗೋ 9 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಎತ್ತರ, 8,000 ಸ್ಟಿಚ್ ಅಂತಿಟ್ಕೊಳ್ಳಿ. ಅಂದ್ರೆ ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ಸೂಜಿ 170ಕ್ಕೂ ಹೆಚ್ಚು ಸಲ ಚುಚ್ಚುತ್ತೆ. ನಿಮಿಷಕ್ಕೆ 800 ಸ್ಟಿಚ್ ವೇಗದಲ್ಲಿ ಈ ಕೆಲಸ ಹತ್ತೇ ನಿಮಿಷಕ್ಕೆ ಮುಗಿಯುತ್ತೆ. ಪ್ರತಿ ಸ್ಟಿಚ್ಚೂ ಬಟ್ಟೆಯನ್ನ ತನ್ನ ಕಡೆ ಒಂಚೂರು ಎಳೆಯುತ್ತೆ. ಒಂದೊಂದಾಗಿ ನೋಡಿದ್ರೆ ಅದು ಲೆಕ್ಕಕ್ಕೇ ಇಲ್ಲ. ಎಂಟು ಸಾವಿರ ಸಲ ಎಳೆದಾಗ ಬಟ್ಟೆ ಕುಗ್ಗುತ್ತೆ, ಸುತ್ತ ನೆರಿಗೆ ಬೀಳುತ್ತೆ. ಆ ಎಳೆತವನ್ನ ಬಟ್ಟೆಯ ಬದಲು ತನ್ನ ಮೇಲೆ ಹೊತ್ಕೊಳ್ಳೋದೇ ಬ್ಯಾಕಿಂಗ್‌ನ ಕೆಲಸ.

ಧಾರವಾಡದ ಕಸೂತಿಗೆ ಇದ್ಯಾವುದೂ ಬೇಕಿಲ್ವಲ್ಲ ಅಂತ ಕೇಳಬಹುದು. ಒಳ್ಳೇ ಪ್ರಶ್ನೆ. ಇಳಕಲ್ ಸೀರೆ ಮೇಲೆ ಗವಂತಿ, ಮುರ್ಗಿ, ನೇಗಿ, ಮೆಂತಿ ಹಾಕೋರು ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕ್ತಾರೆ. ದಾರ ಎಷ್ಟು ಬಿಗಿ ಇರಬೇಕು ಅನ್ನೋದನ್ನ ಬೆರಳೇ ತೀರ್ಮಾನ ಮಾಡುತ್ತೆ, ಜಾಸ್ತಿ ಆದ್ರೆ ಅಲ್ಲೇ ಸಡಿಲ ಮಾಡುತ್ತೆ. ಮೇಲಾಗಿ ಅದು ನೇಯ್ದ ಬಟ್ಟೆ, ಸುಲಭಕ್ಕೆ ಹಿಗ್ಗಲ್ಲ. ಮಷಿನ್‌ಗೆ ಆ ಬೆರಳಿಲ್ಲ. ಟೀ ಶರ್ಟೋ, ಹೆಣೆದ ಬಟ್ಟೆ. ಒಳಗಡೆ ಪೂರ್ತಿ ಕುಣಿಕೆಗಳೇ, ಅದಕ್ಕೇ ಹಿಗ್ಗುತ್ತೆ. ಆಸರೆ ಇಲ್ಲದೆ ನಿಲ್ಲಲ್ಲ.

ಒಂದೇ ಹೆಸರು, ನಾಲ್ಕು ಜಾತಿ

ಬ್ಯಾಕಿಂಗ್‌ನ ಜಾತಿ ಹೇಳೋದು ಸುಲಭ. ಕೆಲಸ ಮುಗಿದ ಮೇಲೆ ಅದನ್ನ ಹೇಗೆ ತೆಗೀತೀವಿ ಅನ್ನೋದೇ ಅದರ ಹೆಸರು.

ಕಟ್‌ಅವೇ: ಸುತ್ತ ಕತ್ತರಿಯಿಂದ ಕತ್ತರಿಸ್ತೀವಿ, ಲೋಗೋ ಹಿಂದಿನ ಭಾಗ ಬಟ್ಟೆ ಬಾಳೋವರೆಗೂ ಅಲ್ಲೇ ಇರುತ್ತೆ. ಕೈಯಿಂದ ಹರಿಯೋಕೆ ಬರಲ್ಲ. ಇದರಲ್ಲೇ ತುಂಬಾ ತೆಳ್ಳಗೆ, ಮೆತ್ತಗೆ, ಹಿಡಿದ್ರೆ ಆಚೆಕಡೆ ಕಾಣೋ ಥರದ್ದು ಒಂದಿದೆ, ಅದಕ್ಕೆ ಮೆಶ್ ಅಂತಾರೆ.

ಟೇರ್‌ಅವೇ: ಹೊಲಿಗೆ ಮುಗಿದ ಮೇಲೆ ಕೈಯಿಂದ ಹರಿದು ತೆಗೀತೀವಿ. ಗಟ್ಟಿಯಾಗಿರುತ್ತೆ, ಮುಟ್ಟಿದ್ರೆ ಕಾಗದದ ಸದ್ದು ಬರುತ್ತೆ. ನಾನು ತಂದಿದ್ದು ಇದನ್ನೇ. ಹೊಲಿಯೋವಾಗ ಮಾತ್ರ ಆಸರೆ ಕೊಡುತ್ತೆ, ಆಮೇಲೆ ಇಲ್ಲ.

ವಾಶ್‌ಅವೇ: ನೀರಲ್ಲಿ ಕರಗಿಹೋಗುತ್ತೆ. ಪಿವಿಎ ಅನ್ನೋ ಪದಾರ್ಥದಿಂದ ಮಾಡಿರ್ತಾರೆ. ಎರಡು ರೂಪದಲ್ಲಿ ಸಿಗುತ್ತೆ: ಪ್ಲಾಸ್ಟಿಕ್ ಹಾಳೆ ಥರ ಪಾರದರ್ಶಕವಾಗಿರೋದು ಒಂದು, ಬಟ್ಟೆ ಥರ ನಾರುನಾರಾಗಿರೋದು ಇನ್ನೊಂದು.

ಹೀಟ್‌ಅವೇ: ಬಿಸಿ ಇಸ್ತ್ರಿ ತಾಗಿದ್ರೆ ಕರಗಿ ಉಂಡೆ ಉಂಡೆ ಆಗಿ ಉದುರುತ್ತೆ. ನೀರು ತಾಗಿಸಬಾರದ ಬಟ್ಟೆಗೆ ಇದು.

ಇವುಗಳ ಜೊತೆಗೆ ಫ್ಯೂಸಿಂಗ್ ಅನ್ನೋ ಮಾತೂ ಕೇಳಿರ್ತೀರ. ಅದು ಬೇರೆ ಜಾತಿ ಅಲ್ಲ. ಒಂದು ಬದಿಗೆ ಗೋಂದು ಇರುತ್ತೆ, ಇಸ್ತ್ರಿ ಮಾಡಿದ್ರೆ ಬಟ್ಟೆಗೆ ಅಂಟುತ್ತೆ ಅಂತ ಅರ್ಥ. ಕಟ್‌ಅವೇಯಲ್ಲೂ ಫ್ಯೂಸಿಂಗ್ ಇದೆ, ಟೇರ್‌ಅವೇಯಲ್ಲೂ ಇದೆ.

ಕರಗೋ ಬ್ಯಾಕಿಂಗ್ ಹೊಸದು ಅಂದ್ಕೋಬೇಡಿ. 19ನೇ ಶತಮಾನದ ಕೊನೆಯಲ್ಲೇ ಯುರೋಪಿನಲ್ಲಿ ರೇಷ್ಮೆ ಬಟ್ಟೆ ಮೇಲೆ ಹತ್ತಿ ದಾರದಲ್ಲಿ ಮಷಿನ್ ಕಸೂತಿ ಹಾಕಿ, ಆಮೇಲೆ ರಾಸಾಯನಿಕದಲ್ಲಿ ರೇಷ್ಮೆಯನ್ನ ಕರಗಿಸಿ, ಬರೀ ದಾರದ ಲೇಸ್ ಉಳಿಸ್ತಿದ್ರು. ಆಗ ರೇಷ್ಮೆ ಮಾಡ್ತಿದ್ದ ಕೆಲಸವನ್ನ ಈಗ ಪಿವಿಎ ಮಾಡುತ್ತೆ.

ಲೇಬಲ್ ಇಲ್ಲದ ರೋಲ್ ಗುರುತಿಸೋದು ಹೇಗೆ?

ಇದನ್ನ ಅತ್ತಿಗೆ ನನಗೆ ಕಲಿಸಿದ ಕ್ರಮದಲ್ಲೇ ಹೇಳ್ತೀನಿ. ಅಂಗಡಿಯಲ್ಲಿ ಅಂಗೈಯಗಲ ಸ್ಯಾಂಪಲ್ ಕೇಳಿ, ಸಾಮಾನ್ಯವಾಗಿ ಕೊಡ್ತಾರೆ.

ಒಂದು, ಹರಿದು ನೋಡಿ. ಉದ್ದಕ್ಕೂ ಹರೀರಿ, ಅಡ್ಡಕ್ಕೂ ಹರೀರಿ. ಎರಡೂ ಕಡೆ ಸಲೀಸಾಗಿ ಹರಿದ್ರೆ ಒಳ್ಳೇ ಟೇರ್‌ಅವೇ. ಒಂದು ಕಡೆ ಮಾತ್ರ ಹರಿದು ಇನ್ನೊಂದು ಕಡೆ ಎಳೆದಾಡಿದ್ರೆ ಅದರ ನಾರುಗಳು ಒಂದೇ ದಿಕ್ಕಿಗೆ ಮಲಗಿವೆ ಅಂತ. ಅಂಥದ್ದು ಒಂದು ಕಡೆ ಬಲವಾಗಿ, ಇನ್ನೊಂದು ಕಡೆ ದುರ್ಬಲವಾಗಿರುತ್ತೆ. ಯಾವ ಕಡೆಯೂ ಹರಿಯದಿದ್ರೆ ಕಟ್‌ಅವೇ ಇರಬಹುದು. ‘ಇರಬಹುದು’ ಅಂದೆ, ಯಾಕಂದ್ರೆ ಇನ್ನೊಂದು ಪರೀಕ್ಷೆ ಬಾಕಿ ಇದೆ.

ಎರಡು, ನೀರು. ಬೆರಳು ಒದ್ದೆ ಮಾಡಿ ಒತ್ತಿ. ಅಂಟಂಟಾಗಿ ಲೋಳೆ ಆದ್ರೆ ಅದು ವಾಶ್‌ಅವೇ. ನಾರಿನ ವಾಶ್‌ಅವೇ ನೋಡೋಕೆ ಥೇಟ್ ಕಟ್‌ಅವೇ ಥರಾನೇ ಇರುತ್ತೆ. ಅನುಮಾನ ಇದ್ರೆ ಒಂದು ತುಂಡನ್ನ ಲೋಟದ ಉಗುರುಬೆಚ್ಚಗಿನ ನೀರಿಗೆ ಹಾಕಿ ಕಲಕಿ. ಈ ಪರೀಕ್ಷೆ ಬಿಟ್ಟು ಟೀ ಶರ್ಟ್‌ಗೆ ಹಾಕಿದ್ರೆ ಮೊದಲನೇ ವಾಶ್‌ನಲ್ಲೇ ಆಸರೆ ಮಾಯ.

ಮೂರು, ಎಳೆದು ನೋಡಿ. ಕಟ್‌ಅವೇ ಉದ್ದ, ಅಡ್ಡ, ಓರೆ ಯಾವ ಕಡೆ ಎಳೆದ್ರೂ ಜಾಸ್ತಿ ಹಿಗ್ಗಬಾರದು. ಬಟ್ಟೆಯಷ್ಟೇ ಇದೂ ಹಿಗ್ಗಿದ್ರೆ ಇದ್ದೂ ಪ್ರಯೋಜನ ಇಲ್ಲ.

ನಾಲ್ಕು, ಬೆಳಕಿಗೆ ಹಿಡಿದು ನೋಡಿ. ಮೋಡ ಮೋಡವಾಗಿ, ಅಲ್ಲಲ್ಲಿ ದಪ್ಪ ಅಲ್ಲಲ್ಲಿ ತೆಳು ಕಂಡ್ರೆ ಮಾಲು ಸಮ ಇಲ್ಲ. ಒಂದು ಬದಿ ಮಿಂಚಿದ್ರೆ, ಇಲ್ಲಾ ಸಣ್ಣ ಸಣ್ಣ ಚುಕ್ಕೆ ಕೈಗೆ ತಾಗಿದ್ರೆ ಅದು ಗೋಂದು, ಅಂದ್ರೆ ಫ್ಯೂಸಿಂಗ್.

ಐದು, ಇಸ್ತ್ರಿ. ಇದನ್ನ ಮನೆಯಲ್ಲಿ ಮಾಡಿ. ಎರಡು ಹಳೇ ಬಟ್ಟೆ ಮಧ್ಯೆ ಇಟ್ಟು ಇಸ್ತ್ರಿ ಒತ್ತಿ. ಅಂಟಿದ್ರೆ ಫ್ಯೂಸಿಂಗ್, ಮುದುಡಿ ಉಂಡೆಯಾದ್ರೆ ಹೀಟ್‌ಅವೇ. ನೇರವಾಗಿ ಇಸ್ತ್ರಿ ಪೆಟ್ಟಿಗೆಗೆ ತಾಗಿಸಬೇಡಿ, ಗೋಂದು ಕಿತ್ತು ತೆಗೆಯೋದೇ ಒಂದು ದಿನದ ಕೆಲಸ ಆಗುತ್ತೆ. ಬೆಂಕಿಕಡ್ಡಿ ಗೀರಿ ಸುಟ್ಟು ನೋಡೋ ಅಭ್ಯಾಸ ಕೆಲವರಿಗೆ ಇದೆ. ದಾರ, ಬಟ್ಟೆ ತುಂಬಿರೋ ಸಣ್ಣ ರೂಮಿನಲ್ಲಿ ಅದು ಬೇಡವೇ ಬೇಡ.

ದಪ್ಪ ಅಲ್ಲ, ತೂಕ ನೋಡಿ

ನಾನು ಮೋಸ ಹೋಗಿದ್ದು ದಪ್ಪ ನೋಡಿ. ಬ್ಯಾಕಿಂಗ್ ಅಳೆಯೋದು ಜಿಎಸ್‌ಎಂನಲ್ಲಿ, ಅಂದ್ರೆ ಒಂದು ಚದರ ಮೀಟರ್‌ಗೆ ಎಷ್ಟು ಗ್ರಾಂ ತೂಗುತ್ತೆ ಅನ್ನೋದು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ರೆ ಸಾಕು. 50 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲ ಕತ್ತರಿಸಿ ತೂಗಿ, ಬಂದ ಗ್ರಾಂ ಅನ್ನ ನಾಲ್ಕರಿಂದ ಗುಣಿಸಿ. 15 ಗ್ರಾಂ ಬಂದ್ರೆ 60 ಜಿಎಸ್‌ಎಂ. ಅಮೆರಿಕದ ಯೂಟ್ಯೂಬ್ ವಿಡಿಯೋಗಳಲ್ಲಿ ಔನ್ಸ್ ಲೆಕ್ಕ ಹೇಳ್ತಾರೆ. ಅವರ ಒಂದು ಔನ್ಸ್ ನಮ್ಮ ಸುಮಾರು 34 ಜಿಎಸ್‌ಎಂ. ಅವರು ಎರಡೂವರೆ ಔನ್ಸ್ ಅಂದ್ರೆ ನಾವು 85 ಅಂತ ತಿಳ್ಕೊಂಡ್ರೆ ಆಯ್ತು.

ಆದ್ರೆ ನೆನಪಿಡಿ: ತೂಕ ಬರೋದು ಎರಡನೇ ಪ್ರಶ್ನೆಯಾಗಿ. ಮೊದಲು ಜಾತಿ ಸರಿ ಇರಬೇಕು. 100 ಜಿಎಸ್‌ಎಂ ಟೇರ್‌ಅವೇ ಹಾಕಿದ್ರೂ ಹರಿದು ತೆಗೆದ ಮೇಲೆ ಟೀ ಶರ್ಟ್‌ಗೆ ಆಸರೆ ಉಳಿಯಲ್ಲ.

ಆರಿಸೋಕೆ ಮೂರು ಪ್ರಶ್ನೆ

ಈಗ ಆಯ್ಕೆ. ಮೂರು ಪ್ರಶ್ನೆ ಇದೇ ಕ್ರಮದಲ್ಲಿ ಕೇಳ್ಕೊಳ್ಳಿ. ಬಟ್ಟೆ ಹಿಗ್ಗುತ್ತಾ? ಹಿಗ್ಗಿದ್ರೆ ಕಟ್‌ಅವೇ, ಬೇರೆ ಯೋಚನೆ ಬೇಡ. ಹಿಂಬದಿ ಮೈಗೆ ತಾಗುತ್ತಾ, ಇಲ್ಲಾ ಹೊರಗೆ ಕಾಣುತ್ತಾ? ಹಾಗಿದ್ರೆ ಮೆತ್ತಗಿರೋದು, ಇಲ್ಲಾ ಪೂರ್ತಿ ಹೋಗೋದು ಬೇಕು. ಡಿಸೈನ್ ಎಷ್ಟು ತುಂಬಿದೆ? ಸ್ಟಿಚ್ ಜಾಸ್ತಿ ಆದಷ್ಟೂ ತೂಕ ಜಾಸ್ತಿ.

ನಮ್ಮ ಕಡೆ ಮಾಮೂಲಿ ಬರೋ ಕೆಲಸಗಳಿಗೆ ಇದನ್ನ ಅನ್ವಯಿಸಿ ನೋಡೋಣ.

ಕಾಲರ್ ಟೀ ಶರ್ಟ್: ಹಿಗ್ಗುತ್ತೆ. 60ರಿಂದ 85 ಜಿಎಸ್‌ಎಂ ಕಟ್‌ಅವೇ. ಆ ಬಟ್ಟೆಯಲ್ಲಿ ಜೇನುಗೂಡಿನಂಥ ಗುಳಿಗಳು ಇರೋದ್ರಿಂದ ಸಣ್ಣ ಅಕ್ಷರ ಒಳಗೆ ಹೂತುಹೋಗುತ್ತೆ. ಮೇಲೆ ತೆಳು ವಾಶ್‌ಅವೇ ಹಾಳೆ ಹಾಸಿ ಹೊಲಿದ್ರೆ ಅಕ್ಷರ ಎದ್ದು ಕಾಣುತ್ತೆ. ಮೇಲೆ ಹಾಸೋ ಈ ಹಾಳೆಗೆ ಟಾಪಿಂಗ್ ಅಂತಾರೆ.

ತೆಳು ರೌಂಡ್ ನೆಕ್, ಅದರಲ್ಲೂ ಬಿಳಿ: ಮಾಮೂಲಿ ಕಟ್‌ಅವೇ ಹಾಕಿದ್ರೆ ಮುಂದಿನಿಂದ ಚೌಕ ಕಾಣುತ್ತೆ. ಮೆಶ್ ಹಾಕಿ, ಫ್ಯೂಸಿಂಗ್ ಇರೋ ಮೆಶ್ ಸಿಕ್ಕಿದ್ರೆ ಇನ್ನೂ ಒಳ್ಳೇದು.

ಫಾರ್ಮಲ್ ಶರ್ಟ್, ಸ್ಕೂಲ್ ಯೂನಿಫಾರ್ಮ್, ಜೀನ್ಸ್, ಕ್ಯಾನ್ವಾಸ್ ಬ್ಯಾಗ್: ನೇಯ್ದ ಬಟ್ಟೆ, ಹಿಗ್ಗಲ್ಲ. ಟೇರ್‌ಅವೇ ಸಾಕು. ತೆಳು ಶರ್ಟಿನ ಮೇಲೆ ಗಟ್ಟಿ ತುಂಬಿದ ಡಿಸೈನ್ ಬಂದ್ರೆ ಮಾತ್ರ ಕಟ್‌ಅವೇಗೆ ಹೋಗಿ.

ಕ್ಯಾಪ್: ಗಟ್ಟಿ, ತೂಕದ ಟೇರ್‌ಅವೇ.

ಹೂಡಿ: ಕೆಳಗೆ ಕಟ್‌ಅವೇ, ಮೇಲೆ ಟಾಪಿಂಗ್.

ಟವೆಲ್: ಮೇಲೆ ಟಾಪಿಂಗ್ ಕಡ್ಡಾಯ, ಇಲ್ಲಾಂದ್ರೆ ನೂಲಿನ ಕುಣಿಕೆಗಳು ಹೊಲಿಗೆ ಮಧ್ಯೆ ಇಣುಕುತ್ತೆ. ಹಿಂಬದಿಯೂ ಕಾಣೋದ್ರಿಂದ ಕೆಳಗೆ ಟೇರ್‌ಅವೇ ಇಲ್ಲಾ ವಾಶ್‌ಅವೇ.

ನೆಟ್ ತೋಳಿನ ಬ್ಲೌಸ್: ಆಚೆಕಡೆ ಕಾಣೋ ಬಟ್ಟೆ, ಹಿಂದೆ ಏನೂ ಉಳೀಬಾರದು. ನಾರಿನ ವಾಶ್‌ಅವೇ.

ರೇಷ್ಮೆ ಬ್ಲೌಸ್: ನೀರು ತಾಗಿದ್ರೆ ಕಲೆ ಬೀಳಬಹುದು, ಬಣ್ಣ ಬಿಡಬಹುದು. ಆದ್ದರಿಂದ ವಾಶ್‌ಅವೇ ಬೇಡ. ಮೆಶ್ ಇಲ್ಲಾ ತೆಳು ಟೇರ್‌ಅವೇ ಹಾಕಿ, ಹರಿಯೋವಾಗ ಹೊಲಿಗೆಯನ್ನ ಒಂದು ಕೈಯಲ್ಲಿ ಒತ್ತಿ ಹಿಡಿದು ನಿಧಾನಕ್ಕೆ ತೆಗೀರಿ.

ಚಿಕ್ಕ ಮಕ್ಕಳ ಬಟ್ಟೆಗೆ ಯಾವುದೇ ಬ್ಯಾಕಿಂಗ್ ಹಾಕಿದ್ರೂ, ಮುಗಿದ ಮೇಲೆ ಹಿಂದೆ ಒಂದು ಮೆತ್ತನೆ ಫ್ಯೂಸಿಂಗ್ ತುಂಡು ಅಂಟಿಸಿ. ದಾರದ ಗಂಟು ಮೈಗೆ ಉಜ್ಜಲ್ಲ.

ಸರಿ ಬ್ಯಾಕಿಂಗ್ ಇದ್ದೂ ಕೆಡೋದು ಹೇಗೆ?

ಫ್ರೇಮ್ ಹಾಕೋವಾಗ. ನಾನು ಮೊದಮೊದಲು ಟೀ ಶರ್ಟನ್ನ ತಮಟೆ ಥರ ಎಳೆದು ಬಿಗೀತಿದ್ದೆ. ಎಳೆದ ಬಟ್ಟೆ ಮೇಲೆ ಹೊಲಿಗೆ ಬೀಳುತ್ತೆ, ಫ್ರೇಮ್ ಬಿಚ್ಚಿದ ತಕ್ಷಣ ಬಟ್ಟೆ ತನ್ನ ಅಳತೆಗೆ ವಾಪಸ್ ಬರುತ್ತೆ, ಹೊಲಿಗೆ ಬರಲ್ಲ. ಅಲ್ಲೇ ನೆರಿಗೆ. ಬಿಗಿ ಇರಬೇಕಾಗಿದ್ದು ಬ್ಯಾಕಿಂಗ್, ಬಟ್ಟೆ ಅದರ ಮೇಲೆ ಸುಮ್ಮನೆ ಸಮವಾಗಿ ಮಲಗಿರಬೇಕು. ಬ್ಯಾಕಿಂಗ್ ಫ್ರೇಮಿಗಿಂತ ನಾಲ್ಕೂ ಕಡೆ ದೊಡ್ಡದಿರಲಿ. ಉಳಿಸೋಕೆ ಅಂತ ಲೋಗೋದಷ್ಟೇ ತುಂಡು ಕತ್ತರಿಸಿ ಕೆಳಗೆ ತೂರಿಸಬೇಡಿ. ಹೆಣೆದ ಬಟ್ಟೆಗೆ ತುದಿ ದುಂಡಗಿರೋ ಬಾಲ್ ಪಾಯಿಂಟ್ ಸೂಜಿ, 75/11 ಸೈಜ್, ಬಳಸಿ. ಅದು ನೂಲನ್ನ ಕತ್ತರಿಸದೆ ಪಕ್ಕಕ್ಕೆ ಸರಿಸಿ ಹೋಗುತ್ತೆ.

ಕಟ್‌ಅವೇ ಕತ್ತರಿಸೋವಾಗ ಡಿಸೈನ್ ಸುತ್ತ ಒಂದು ಸೆಂಟಿಮೀಟರ್ ಬಿಡಿ, ಮೂಲೆಗಳನ್ನ ದುಂಡಗೆ ಮಾಡಿ. ಚೂಪು ಮೂಲೆ ಇದ್ರೇನೇ ಮೈಗೆ ಚುಚ್ಚೋದು. ವಾಶ್‌ಅವೇ ಹಾಳೆಯನ್ನ ಜಿಪ್ ಕವರ್‌ನಲ್ಲಿಡಿ. ಮಳೆಗಾಲದ ತೇವಕ್ಕೆ ಅಂಟಂಟಾಗುತ್ತೆ, ಒಣಹವೆಗೆ ಬಿಟ್ರೆ ಪುಡಿಪುಡಿಯಾಗುತ್ತೆ.

ಇನ್ನೊಂದು ಮಾತು. ಎಲ್ಲಾ ತಪ್ಪನ್ನೂ ಬ್ಯಾಕಿಂಗ್ ಮೇಲೆ ಹಾಕೋದು ನ್ಯಾಯ ಅಲ್ಲ. ಡಿಸೈನನ್ನ ಮಷಿನ್ ಭಾಷೆಗೆ ಇಳಿಸೋ ಕೆಲಸಕ್ಕೆ ಪಂಚಿಂಗ್ ಅಂತಾರೆ. ಪಂಚಿಂಗ್‌ನಲ್ಲೇ ಸ್ಟಿಚ್ ಮೇಲೆ ಸ್ಟಿಚ್ ತುಂಬಿದ್ರೆ ಯಾವ ರೋಲ್ ತಂದ್ರೂ ಲೋಗೋ ತಗಡಿನ ಥರ ಗಟ್ಟಿಯಾಗುತ್ತೆ. ಬ್ಯಾಕಿಂಗ್ ಬದಲಾಯಿಸಿದ್ರೂ ನೆರಿಗೆ ಹೋಗ್ತಿಲ್ಲ ಅಂದ್ರೆ ಪಂಚಿಂಗ್ ಮಾಡಿದವರಿಗೆ ಫೋನ್ ಮಾಡಿ.

ಈಗ ರೂಮಿನ ನಿಯಮ

ಆ 50 ಟೀ ಶರ್ಟ್ ಆದ್ಮೇಲೆ ಅತ್ತಿಗೆ ಒಂದು ನಿಯಮ ಮಾಡಿದ್ರು. ಯಾವುದೇ ಹೊಸ ಆರ್ಡರ್ ಬಂದ್ರೂ ಮೊದಲು ಒಂದೇ ಪೀಸ್ ಹೊಲಿಯೋದು, ಎರಡು ಸಲ ತೊಳೆದು ಒಣಗಿಸೋದು, ಆಮೇಲೆ ಉಳಿದದ್ದು. ಹತ್ತಿ ಬಟ್ಟೆ ಮೊದಲ ಒಗೆತಗಳಲ್ಲೇ ಕುಗ್ಗೋದು. ಹಾಗಾಗಿ ಮಷಿನ್ ಮೇಲೆ ಚೆನ್ನಾಗಿ ಕಂಡಿದ್ದು ಬಕೆಟ್‌ನಲ್ಲಿ ಬಣ್ಣ ಬಯಲು ಮಾಡುತ್ತೆ. ‘ಪಾರ್ಟಿ ಅರ್ಜೆಂಟ್ ಅಂತಾರೆ ಅತ್ತಿಗೆ’ ಅಂದ್ರೆ, ‘ಅರ್ಜೆಂಟ್ ಅಂದೋರು ದುಡ್ಡು ಹಿಡ್ಕೊಳ್ಳೋವಾಗ ಅರ್ಜೆಂಟ್ ಅಂತ ಬಿಟ್ಬಿಡ್ತಾರೇನಪ್ಪ?’ ಅಂತ ಕೇಳ್ತಾರೆ. ನನ್ನ ಹತ್ರ ಉತ್ತರ ಇಲ್ಲ.

ಒಂದು ಲೋಗೋಗೆ ಬೇಕಾಗೋ ಬ್ಯಾಕಿಂಗ್ ಒಂದು ಗೇಣಗಲದ ತುಂಡು. ಅದರ ಖರ್ಚು ಪೀಣ್ಯದಲ್ಲಿ ಒಂದು ಟೀ ಕುಡಿಯೋದಕ್ಕಿಂತ ಕಮ್ಮಿ. ಅಷ್ಟು ಉಳಿಸೋಕೆ ಹೋಗಿ ನಾವು 50 ಟೀ ಶರ್ಟ್ ಕಳ್ಕೊಂಡ್ವಿ. ಮನೆಯಲ್ಲಿ ಸಣ್ಣ ಎಂಬ್ರಾಯ್ಡರಿ ಮಷಿನ್ ತಗೊಂಡು ಇನ್‌ಸ್ಟಾದಲ್ಲಿ ಆರ್ಡರ್ ತಗೊಳ್ಳೋರು ಈಗ ತುಂಬಾ ಜನ ಇದ್ದೀರ. ನಿಮಗೆ ಈ ಲೆಕ್ಕ ಮುಂಚೇನೇ ಗೊತ್ತಿರಲಿ ಅಂತ ಈ ಸಂಚಿಕೆ.

ಆ ಟೀ ಶರ್ಟ್ ಇನ್ನೂ ಮೊಳೆಯಲ್ಲೇ ಇದೆ. ರೂಮಿಗೆ ಹೊಸ ಹುಡುಗ ಕೆಲಸಕ್ಕೆ ಸೇರಿದ ದಿನ ಅತ್ತಿಗೆ ಅದನ್ನ ತೆಗೆದು ಅವನ ಕೈಗೆ ಕೊಟ್ಟು, ‘ಎಳೆದು ನೋಡು’ ಅಂತಾರೆ. ನೀವೂ ಮನೆಗೆ ಹೋಗಿ ನಿಮ್ಮ ಆಫೀಸ್ ಟೀ ಶರ್ಟನ್ನ ಒಳಗಡೆ ತಿರುಗಿಸಿ ನೋಡಿ. ಬಿಳಿ ತುಂಡು ಇದ್ರೆ ಅದನ್ನ ಕೀಳಬೇಡಿ, ಮೂಲೆ ಚುಚ್ಚಿದ್ರೆ ದುಂಡಗೆ ಕತ್ತರಿಸಿ ಸಾಕು. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.